ಏಳನೇ ಸಿಸ್ಟಮ್ಮಿನ ರಟ್ಟು

ಕೌದಳ್ಳಿಯಾಚೆಯ ಮಠ
12 ಜೂನ್ 2024

ನಾಗಶ್ರೀ ಅವರಿಗೆ ನಮಸ್ಕಾರ.

ಬಂದು ಸೇರಿದೆ. ಕೌದಳ್ಳಿಯಲ್ಲಿ ಬಸ್ಸಿಳಿದು ಹಾಲಿನ ಟೆಂಪೊ ಹತ್ತಿದೆ. ಫೋನನ್ನು ಬಂದ ದಿನವೇ ಮಠದ ವಶಕ್ಕೆ ಕೊಟ್ಟುಬಿಟ್ಟೆ. ಕೊಡದಿದ್ದರೂ ನಡೆಯುತ್ತಿತ್ತು, ಇಲ್ಲಿ ಸಿಗ್ನಲ್ಲಿಗಾಗಿ ಮರ ಹತ್ತಬೇಕು, ಮರಿದೇವರು ಮರ ಹತ್ತುವಂತಿಲ್ಲ.

ಕಾಗದ ಬರೆಯಲು ಅಡ್ಡಿಯಿಲ್ಲವಂತೆ. ಆದರೆ ಅಡುಗೆಯ ಪುಟ್ಟಬಸಪ್ಪನವರು ಮೊದಲೇ ಎಚ್ಚರಿಸಿದರು: "ಬರೋ ಕಾಗ್ದ, ಓಗೋ ಕಾಗ್ದ ಎಲ್ಡೂ ಮೊದ್ಲು ಬುದ್ಧಿಯೋರು ಓದ್ಬೇಕು ಕಣ್ರಪ್ಪ. ಬಂದಿದ್ನ ನಾನು ಕುಯ್ದು ಅವ್ರ ಪಕ್ಕ ಮಡಗ್ತೀನಿ. ಆಮೇಲೆ ನಿಮ್ಗೆ. ನೀವು ಬರ‍್ದಿದ್ನ ಅಂಟುಸ್ಬ್ಯಾಡಿ, ನಾನೇ ಅಂಟುಸ್ತೀನಿ." ಆದ್ದರಿಂದ ಈ ಲಕೋಟೆಯ ಅಂಚಿನಲ್ಲಿ ಅನ್ನದ ಅಗುಳು ಕಂಡರೆ ನಗಬೇಡಿ.

ನಾನು ಯಾಕೆ ಬಂದೆನೆಂದು ನೀವು ಒಮ್ಮೆಯೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಮಠಕ್ಕೆ ಮುಂದೆ ಸ್ವಾಮಿಯಾಗುವ ಮರಿ ನಮ್ಮ ಮನೆಯಿಂದಲೇ ಬರಬೇಕೆಂಬುದು ಹಳೆಯ ಕಟ್ಟಳೆ. ಅಣ್ಣ ಎರಡು ವರ್ಷ ಇದ್ದು ಬಿಟ್ಟುಹೋದ. ಉಳಿದವನು ನಾನು. ಪೀಠದಲ್ಲಿರುವ ಹಿರಿಯ ಬುದ್ಧಿಯವರು ಮಾತ್ರ ಒಳ್ಳೆಯ ಮನುಷ್ಯರು. ಮೊದಲ ದಿನವೇ ಕೂರಿಸಿಕೊಂಡು ಹೇಳಿದರು: "ಶಿವರಾತ್ರಿ ಗಂಟ ಇದ್ ನೋಡಪ್ಪ. ಬ್ಯಾಡ ಅನ್ಸುದ್ರೆ ಬಾಯ್ಬುಟ್ಟು ಯೋಳು, ಬಸ್ ಚಾರ್ಜು ಕೊಟ್ಟು ನಾನೇ ಕಳುಸ್ತೀನಿ. ಪಟ್ಟ ಆದ್ಮೇಲೆ ಮಾತ್ರ ಯೋಳ್ಬ್ಯಾಡ." ಶಿವರಾತ್ರಿಯ ಹಿಂದಿನ ಸೋಮವಾರ ಪಟ್ಟ. ಅಲ್ಲಿಯವರೆಗೆ ಬಾಗಿಲು ತೆರೆದೇ ಇರುತ್ತದೆ.

ಇನ್ನು ನಮ್ಮ ಕಾಲೇಜಿನ ಲ್ಯಾಬಿನ ವಿಷಯ. ನನ್ನ ಜಾಗಕ್ಕೆ ಬರುವವರಿಗೆ ನಮ್ಮ 'ಗುಡ್ಲು' ಏನೆಂದು ತಿಳಿಯದು. ಅವರಿಗೆ ಓದಿ ಹೇಳಲು ಇದನ್ನು ಬರೆಯುತ್ತಿದ್ದೇನೆ. ಗುಡ್ಲು ಎಂದರೆ ಹೊಲ ಕಾಯುವವರ ಗುಡಿಸಲಿನ ಹೆಸರಿಟ್ಟು ಪಾಠಕ್ಕೆಂದೇ ಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಬೇರೆ ಕಂಪ್ಯೂಟರುಗಳಲ್ಲಿ ಮೆಮೊರಿಯ ಕಾವಲುಗಳು ಸದಾ ಹಾಕಿಯೇ ಇರುತ್ತವೆ. ಇದರಲ್ಲಿ ಒಂದೊಂದನ್ನೂ ಬೇಕಾದಾಗ ತೆಗೆಯಬಹುದು, ಹಾಕಬಹುದು. ಮೊದಲನೆಯದು ಗುರುತುಕಲ್ಲು. ಬರೆಯುವ ಜಾಗದ ಅಂಚಿಗೆ ಇಟ್ಟ ಒಂದು ಸಂಖ್ಯೆ ಅದು. ಮಿತಿ ಮೀರಿ ಬರೆದರೆ ಅಳಿಸಿಹೋಗುತ್ತದೆ, ಬರೆದವನು ಸಿಕ್ಕಿಬೀಳುತ್ತಾನೆ. ಎರಡನೆಯದನ್ನು ಹಾಕಿದರೆ ಮಾಹಿತಿ ಇಡುವ ಜಾಗದಲ್ಲಿ ಇಟ್ಟದ್ದನ್ನು ಓದಬಹುದೇ ಹೊರತು ಆಜ್ಞೆಯೆಂದು ನಡೆಸುವಂತಿಲ್ಲ. ಮೂರನೆಯದು ಜಾಗಬದಲು. ಬೆಟ್ಟದ ಲಾಡ್ಜಿನಲ್ಲಿ ಪ್ರತಿ ಸಲ ಬೇರೆ ರೂಮು ಕೊಟ್ಟ ಹಾಗೆ, ಪ್ರೋಗ್ರಾಂ ಪ್ರತಿ ಸಲವೂ ಬೇರೆ ವಿಳಾಸದಲ್ಲಿ ಏಳುತ್ತದೆ. ಹಳೆಯ ರೂಮ್ ನಂಬರ್ ಹಿಡಿದು ಬಂದ ಕಳ್ಳನಿಗೆ ಇನ್ಯಾರದೋ ಬಾಗಿಲು. ಮೊದಲು ಎಲ್ಲ ಕಾವಲನ್ನೂ ತೆಗೆದು ಹುಡುಗರಿಗೆ ಕನ್ನ ಹಾಕಲು ಬಿಡಬೇಕು. ಆಮೇಲೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಯಾವ ಕಾವಲು ಯಾತಕ್ಕೆ ಎಂದು ಆಗಲೇ ತಿಳಿಯುವುದು.

ಯಾವುದು ಹಾಕಿದೆ, ಯಾವುದು ತೆಗೆದಿದೆ ಎಂದು ಪ್ರತಿ ಸಿಸ್ಟಮ್ಮಿಗೂ ರಟ್ಟು ತೂಗುಹಾಕಿದ್ದೇವಲ್ಲ, ಅದು ಸುಮ್ಮನೆ ಅನುಕೂಲಕ್ಕೆ. ಕರೆಂಟು ಹೋಗಿ ಬಂದರೆ ಜಾಗಬದಲು ತಾನಾಗಿ ಹಾಕಿಕೊಳ್ಳುತ್ತದೆ, ರಟ್ಟಿಗೆ ಅದು ಗೊತ್ತಾಗುವುದಿಲ್ಲ. 'ಕಾವಲು' ಎಂದು ಟೈಪ್ ಮಾಡಿದರೆ ಸಿಸ್ಟಮ್ಮೇ ನಿಜ ಹೇಳುತ್ತದೆ. ಗೋಡೆಯ ಮೇಲೆ ನಾನು ಬರೆದದ್ದನ್ನು ಅಳಿಸಲು ಬಿಡಬೇಡಿ: ರಟ್ಟನ್ನು ನಂಬಬೇಡಿ, ಸಿಸ್ಟಮ್ಮನ್ನೇ ಕೇಳಿ.

ನನ್ನ ಕುರ್ಚಿಗೆ ಯಾರು ಬಂದರು?

ಇತಿ,
ಚನ್ನಬಸವ


ಕೊಳ್ಳೇಗಾಲ
24 ಜೂನ್ 2024

ಚನ್ನಬಸವ ಅವರಿಗೆ ನಮಸ್ಕಾರ. ಇದನ್ನು ನಿಮಗಿಂತ ಮೊದಲು ಓದುತ್ತಿರುವ ಹಿರಿಯ ಬುದ್ಧಿಯವರಿಗೆ ನಾಗಶ್ರೀಯ ಶರಣು.

ಪತ್ರ ತಲುಪಿತು, ಅಗುಳಿನ ಸಮೇತ. ಊಟ ಅಲ್ಲಿ ಚೆನ್ನಾಗಿದೆ ಎಂದು ಅದರಿಂದಲೇ ತಿಳಿದುಕೊಂಡೆ.

ಕಾಲೇಜು ಎಂದಿನಂತೆ ನಡೆಯುತ್ತಿದೆ. ಅತಿಥಿ ಉಪನ್ಯಾಸಕರ ಆದೇಶ ಇನ್ನೂ ಬಂದಿಲ್ಲ, ಆದರೆ ಅತಿಥಿಗಳು ಬಂದು ಪಾಠ ಮಾಡುತ್ತಿದ್ದೇವೆ. ಅಂತಿಮ ಬಿ.ಸಿ.ಎ.ಯಲ್ಲಿ ಸೆಕ್ಯೂರಿಟಿ ಪಾಠಕ್ಕೆ ಈ ಸಲ ಹೆಣ್ಣುಮಕ್ಕಳೇ ಹೆಚ್ಚು. ಹನೂರಿನಿಂದ ಬರುವ ಶೃತಿ ಎಂಬ ಹುಡುಗಿ ಮೊದಲ ದಿನವೇ ಕೈಯೆತ್ತಿ ಕೇಳಿದಳು: "ಮೇಡಂ, ಕಾವ್ಲು ತಗುದ್ಬುಟ್ಟು ಕಳ್ತನ ಮಾಡೋದ್ನ ಕಾಲೇಜಲ್ಲೇ ಕಲುಸ್ತಾರಾ?" ಕಳ್ಳ ಎಲ್ಲಿಂದ ಬರುತ್ತಾನೆಂದು ತಿಳಿಯದವನು ಗುಡ್ಲಿನಲ್ಲಿ ಕೂತು ಪ್ರಯೋಜನವಿಲ್ಲ ಎಂದೆ. ಅದು ನಿಮ್ಮ ಮಾತು, ನಿಮ್ಮ ಹೆಸರು ಹೇಳಲಿಲ್ಲ.

ನಿಮ್ಮ ಕುರ್ಚಿಗೆ ಯಾರೂ ಬಂದಿಲ್ಲ. ಅದರ ಮೇಲೆ ಹಳೆಯ ರೆಕಾರ್ಡ್ ಪುಸ್ತಕಗಳನ್ನು ಪೇರಿಸಿಟ್ಟಿದ್ದೇನೆ.

ನಾನು ಕ್ಷೇಮ. ಮಠದ ದಿನಚರಿ ನಿಮಗೆ ಒಗ್ಗಲಿ ಎಂದು ಹಾರೈಸುತ್ತೇನೆ.

ಇತಿ,
ನಾಗಶ್ರೀ


ಮಠ
6 ಆಗಸ್ಟ್ 2024

ನಾಗಶ್ರೀ ಅವರಿಗೆ,

ನಿಮ್ಮ ಪತ್ರ ಪುಟ್ಟಬಸಪ್ಪನವರು ಹೇಳಿದಂತೆಯೇ ಕುಯ್ದು ಬಂತು. ಹಿರಿಯ ಬುದ್ಧಿಯವರೇ ಕೈಯಲ್ಲಿ ಕೊಟ್ಟರು, ಏನೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿತ್ತು ಬಿಡಿ. ಪ್ರಿನ್ಸಿಪಾಲರ ಸುತ್ತೋಲೆಯಲ್ಲಿ ಇದಕ್ಕಿಂತ ಹೆಚ್ಚು ಹರಟೆ ಇರುತ್ತದೆ. ನೀವು ಬರೆದಿರಿ ಎಂಬುದಕ್ಕೆ ಕಳ್ಳತನದ ಆ ಒಂದು ಮಾತು ಸಾಕ್ಷಿ. ಅದನ್ನೇ ಮತ್ತೆ ಮತ್ತೆ ಓದಿದೆ.

ಮೊನ್ನೆ ಅಮಾವಾಸ್ಯೆಗೆ ಬೆಟ್ಟದ ದೇವರಿಗೆ ನಡೆದು ಹೋಗುವವರ ಸಾಲು ಮಠದ ಮುಂದೆಯೇ ಹಾದುಹೋಯಿತು. ಅನ್ನ ಬಡಿಸಿದೆವು. ಒಬ್ಬ ಅಜ್ಜಿ ಕಾಲು ಊದಿಸಿಕೊಂಡು ಕೂತಿದ್ದಳು, ಎಣ್ಣೆ ಹಚ್ಚಲು ಬಗ್ಗಿದೆ. ಅವಳು ಗಾಬರಿಯಾಗಿ ಕಾಲು ಎಳೆದುಕೊಂಡಳು. "ಬುದ್ಧಿ, ನೀವು ಮುಟ್ಬಾರ್ದು, ನಂಗೆ ಪಾಪ ಸುತ್ಕತದೆ." ಇಲ್ಲಿ ಎಲ್ಲರೂ ಕಾಲಿಗೆ ಬೀಳುತ್ತಾರೆ, ಬಿದ್ದು ಎದ್ದು ಹೋಗುತ್ತಾರೆ. ಕೂತು ಮಾತಾಡುವವರು ಇಲ್ಲ. ಕಳೆದ ಸೋಮವಾರ ಅವ್ವ ಬಂದಿದ್ದಳು. ಅವಳೂ ಬಿದ್ದಳು. ಏಳುವಾಗ ಮಂಡಿ ಹಿಡಿದುಕೊಂಡಿತು, ಕೈ ಕೊಡಬೇಕೋ ಬೇಡವೋ ತಿಳಿಯದೆ ನಾನು ಸುಮ್ಮನೆ ನಿಂತಿದ್ದೆ. "ಚೆನ್ನಾಗಿದ್ದೀರಾ ಬುದ್ಧಿ?" ಎಂದಳು. ನನ್ನನ್ನು ಹೆತ್ತವಳು ನನಗೆ ಬಹುವಚನ ಹಾಕಿದಳು.

ಇದನ್ನು ಹಿರಿಯ ಬುದ್ಧಿಯವರು ಓದುತ್ತಾರೆಂದು ಗೊತ್ತಿದ್ದೇ ಬರೆದೆ. ಇದಕ್ಕಿಂತ ಮುಂದಿನದನ್ನು ಬರೆಯಲು ಧೈರ್ಯ ಸಾಲದು.

ಕುರ್ಚಿಯ ಮೇಲೆ ಪುಸ್ತಕ ಪೇರಿಸಿದ್ದು ಒಳ್ಳೆಯದೇ ಆಯಿತು. ಖಾಲಿ ಇಟ್ಟು ಏನು ಮಾಡುತ್ತೀರಿ.

ಚನ್ನಬಸವ


ಕೊಳ್ಳೇಗಾಲ
5 ಸೆಪ್ಟೆಂಬರ್ 2024

ಚನ್ನಬಸವ ಅವರಿಗೆ ನಮಸ್ಕಾರ.

ಶಿಕ್ಷಕರ ದಿನವೆಂದು ಮಕ್ಕಳು ನನಗೊಂದು ಪೆನ್ನು ಕೊಟ್ಟರು. ಅದರಲ್ಲೇ ಬರೆಯುತ್ತಿದ್ದೇನೆ. ಸುತ್ತೋಲೆ ಎಂದಿರಿ, ಹಾಗಾದರೆ ಈ ಸಲ ಒಂದು ರಾಮಾಯಣವನ್ನೇ ಹೇಳುತ್ತೇನೆ.

ಶೃತಿಯನ್ನು ಏಳನೇ ಸಿಸ್ಟಮ್ಮಿಗೆ ಕೂರಿಸಿದ್ದೆ. ಎಲ್ಲ ಕಾವಲೂ ತೆಗೆದದ್ದು, ರಟ್ಟಿನಲ್ಲೂ ಹಾಗೆಯೇ ಇದೆ. ಪಕ್ಕದವರೆಲ್ಲ ಒಂದೇ ಗಂಟೆಯಲ್ಲಿ ಕನ್ನ ಹಾಕಿ ಕೇಕೆ ಹೊಡೆದರು. ಇವಳು ಲೆಕ್ಕ ಹಾಕಿ ವಿಳಾಸ ಕೊಡುತ್ತಾಳೆ, ಪ್ರೋಗ್ರಾಂ ಬಿದ್ದುಹೋಗುತ್ತದೆ. ಮತ್ತೆ ಲೆಕ್ಕ, ಮತ್ತೆ ಬೀಳುತ್ತದೆ. ಒಂದು ವಾರ ಹೀಗೇ. ತರಗತಿಯಲ್ಲೆಲ್ಲ ಚುರುಕಾದ ಹುಡುಗಿ ಬರಬರುತ್ತ ಮಾತು ನಿಲ್ಲಿಸಿದಳು. ಶನಿವಾರ ಬಂದು, "ಮೇಡಂ, ನಂಗೆ ತಲೆ ಇಲ್ಲ ಬುಡಿ. ಟಿ.ಸಿ. ಈಸ್ಕಂಡು ಓಯ್ತೀನಿ" ಎಂದು ಅತ್ತಳು. ನಾನೂ ಅವಳ ಪಕ್ಕ ಕೂತು ಲೆಕ್ಕ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು! ಆಮೇಲೆ ಗೋಡೆ ಕಣ್ಣಿಗೆ ಬಿತ್ತು. 'ಕಾವಲು' ಎಂದು ಟೈಪ್ ಮಾಡಿಸಿದೆ. ಜಾಗಬದಲು ಹಾಕಿಕೊಂಡು ಕೂತಿದೆ! ಯಾವತ್ತೋ ವೈರು ಸಡಿಲಾಗಿ ಅದೊಂದಕ್ಕೇ ಕರೆಂಟು ಹೋಗಿ ಬಂದಿದೆ, ರಟ್ಟು ಮಾತ್ರ ಹಳೆಯದೇ. ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು ನಮ್ಮ ಕತೆ. ಇಡೀ ತರಗತಿಯಲ್ಲಿ ಒಬ್ಬರಿಗೂ ಸಿಸ್ಟಮ್ಮನ್ನು ಕೇಳಬೇಕೆಂದು ಹೊಳೆಯಲಿಲ್ಲ, ಪಾಠ ಹೇಳುವ ನನಗೂ.

ಕಾವಲು ತೆಗೆಸಿದ ಮೇಲೆ ಅವಳದು ಮೊದಲ ಏಟಿಗೇ ಒಳಹೊಕ್ಕಿತು. ಅವಳು ನಗಲಿಲ್ಲ. "ಒಂದ್ ವಾರ ನಾನೇ ದಡ್ಡಿ ಅನ್ಕಂಡಿದ್ನಲ್ಲ ಮೇಡಂ, ಅದ್ನ ಯಾರು ವಾಪಸ್ ಕೊಡ್ತಾರೆ?" ಎಂದಳು. ಉತ್ತರ ನಿಮ್ಮ ಬಳಿ ಇದ್ದರೆ ಬರೆಯಿರಿ.

ನಿಮ್ಮ ತಾಯಿಯವರ ವಿಷಯ ಓದಿದೆ. ಮುಂದಿನ ಸಲ ಕೈ ಕೊಡಿ. ಬುದ್ಧಿಯವರು ಕ್ಷಮಿಸಬೇಕು, ನನಗೆ ತೋಚಿದ್ದು ಅಷ್ಟೇ.

ಇನ್ನೊಂದು ಸುದ್ದಿ. ಯಳಂದೂರಿನಲ್ಲಿ ನಮ್ಮ ಮನೆಯವರು ನನಗೆ ಒಂದು ಸಂಬಂಧ ನೋಡಿದ್ದಾರೆ. ಹುಡುಗ ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದಾನೆ. ದಸರೆ ಕಳೆದ ಮೇಲೆ ಮಾತುಕತೆ ಎನ್ನುತ್ತಿದ್ದಾರೆ. ನಿಮಗೆ ತಿಳಿದಿರಲಿ ಎಂದು ಬರೆದೆ.

ಇತಿ,
ನಾಗಶ್ರೀ


ಮಠ
11 ನವೆಂಬರ್ 2024

ನಾಗಶ್ರೀ ಅವರಿಗೆ,

ಉತ್ತರ ತಡವಾಯಿತು. ಕಾರ್ತಿಕದ ಕೆಲಸ ಎಂದು ನೆಪ ಹೇಳಬಹುದು. ದೀಪಾವಳಿಯ ನಂತರ ಇಲ್ಲಿ ಅಷ್ಟೇನೂ ಕೆಲಸವಿಲ್ಲ.

ಶೃತಿಯ ಆ ಒಂದು ವಾರ ಹಾಳಾದದ್ದು ನನ್ನಿಂದ. ಕರೆಂಟು ಹೋದರೆ ಜಾಗಬದಲು ಹಾಕಿಕೊಳ್ಳುವಂತೆ ಬರೆದವನು ನಾನು. ಸುಮ್ಮನೆ ತೆರೆದು ಬಿದ್ದಿರುವುದಕ್ಕಿಂತ ಹಾಕಿರುವುದೇ ವಾಸಿ ಎಂದುಕೊಂಡೆ. ಅವಳಿಗೆ ನನ್ನ ಕ್ಷಮೆ ತಿಳಿಸಿ.

ನಿಮ್ಮ ಸುದ್ದಿ ಸಂತೋಷದ್ದು. ಮಾತುಕತೆ ಇಷ್ಟರಲ್ಲಿ ಮುಗಿದಿರಬೇಕು. ಬ್ಯಾಂಕಿನವರೆಂದರೆ ಲೆಕ್ಕದವರು, ನಿಮ್ಮ ಬೈಗುಳಗಳನ್ನೂ ಎಣಿಸಿ ಇಟ್ಟುಕೊಳ್ಳುತ್ತಾರೆ, ಜೋಪಾನ. ಲಗ್ನಪತ್ರಿಕೆ ಕಳಿಸಿ. ಬರಲು ನನಗೆ ಆಗುವುದಿಲ್ಲ, ಇಲ್ಲಿಂದಲೇ ಹರಸುತ್ತೇನೆ. ಹರಸುವುದನ್ನು ಈಗ ಕಲಿತಿದ್ದೇನೆ.

ನಿನ್ನೆ ಬುದ್ಧಿಯವರು ಕೇಳಿದರು: "ಏನಪ್ಪ, ಮನ್ಸು ಏನ್ ಯೋಳ್ತದೆ?" ಇರುತ್ತೇನೆ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. "ಅವಸ್ರ ಇಲ್ಲ, ಇನ್ನೂ ದಿನ ಅವೆ" ಎಂದರು. ನಿಮ್ಮ ಪತ್ರವನ್ನು ಅವರು ಓದಿದ್ದಾರಲ್ಲ, ಅದಕ್ಕೇ ಹಾಗೆ ನೋಡಿದರೇನೋ.

ಪಟ್ಟದ ದಿನ ಕಾಲೇಜಿನವರೆಲ್ಲ ಬರುವುದಾದರೆ ನೀವೂ ಬನ್ನಿ.

ಚನ್ನಬಸವ


ಕೊಳ್ಳೇಗಾಲ
20 ಜನವರಿ 2025

ಚನ್ನಬಸವ ಅವರಿಗೆ ನಮಸ್ಕಾರ.

ನಿಮ್ಮ ನಿರ್ಧಾರ ತಿಳಿಯಿತು. ನಿಮ್ಮ ಮನೆತನಕ್ಕೂ ಮಠಕ್ಕೂ ಶ್ರೇಯಸ್ಸು. ಹಿರಿಯ ಬುದ್ಧಿಯವರ ಆಶೀರ್ವಾದದಲ್ಲಿ ಎಲ್ಲವೂ ಸಾಂಗವಾಗಿ ನಡೆಯಲಿ.

ಲಗ್ನಪತ್ರಿಕೆಯ ವಿಷಯ ಕೇಳಿದ್ದಿರಿ. ಅಚ್ಚಾದಾಗ ಕಳಿಸುತ್ತೇನೆ.

ಪಟ್ಟದ ದಿನ ಸೋಮವಾರ, ಅಂದು ನಮಗೆ ಲ್ಯಾಬಿದೆ. ಬರಲಾಗುವುದಿಲ್ಲ. ಹುಡುಗರು ಈಗ ಮೂರೂ ಕಾವಲು ಹಾಕಿದ ಸಿಸ್ಟಮ್ಮಿನ ಮುಂದೆ ಕೂತಿದ್ದಾರೆ. ಅದರೊಳಗೆ ಹೋಗಲು ಯಾರಿಗೂ ಆಗುತ್ತಿಲ್ಲ. ಹಾಗಾಗಬೇಕಾದದ್ದೇ ಪಾಠ.

ಇತಿ,
ನಾಗಶ್ರೀ


ಮಠ
4 ಮಾರ್ಚ್ 2025

ನಾಗಶ್ರೀ ಅವರಿಗೆ,

ಪಟ್ಟವಾಯಿತು. ಈಗ ನನಗೆ ಬೇರೆ ಹೆಸರಿದೆ, ಕೈಗೆ ಇನ್ನೂ ಒಗ್ಗಿಲ್ಲ. 'ನಾವು' ಎಂದು ಬರೆಯಬೇಕಂತೆ. ಈ ಒಂದು ಪತ್ರದಲ್ಲಿ ನಾನು ಎಂದೇ ಬರೆಯುತ್ತೇನೆ.

ಪಟ್ಟದ ಮೂರನೆಯ ದಿನ ಪುಟ್ಟಬಸಪ್ಪನವರು ನನ್ನ ಪಕ್ಕದಲ್ಲಿ ಒಂದು ತಟ್ಟೆ ತಂದಿಟ್ಟರು. ಅದರಲ್ಲಿ ಕುಯ್ದ ಕಾಗದಗಳು. ಮಠದಲ್ಲಿದ್ದು ಓದುವ ಹುಡುಗರಿಗೆ ಅವರ ಮನೆಯಿಂದ ಬಂದವು. ಇನ್ನು ಓದಿ ಕೊಡುವವನು ನಾನು. ಮೇಲಿನದನ್ನು ಬಿಚ್ಚಿದೆ. 'ಮಗಾ' ಎಂದು ಶುರುವಾಗಿತ್ತು. ಮುಂದೆ ಓದಲಾಗಲಿಲ್ಲ. ತಟ್ಟೆ ಎತ್ತಿಕೊಂಡು ಹಿರಿಯ ಬುದ್ಧಿಯವರ ಕೋಣೆಗೆ ಹೋಗಿ, ಇಷ್ಟು ವರ್ಷ ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದೆ.

ಅವರಿಗೆ ನನ್ನ ಮಾತೇ ಅರ್ಥವಾಗಲಿಲ್ಲ. "ಓದೋದಾ? ನಾನ್ ಯಾವತ್ತಪ್ಪ ಓದ್ದೆ? ನಮ್ಮ ಗುರುಗಳು ಓದೋರು. ನಮ್ಮವ್ವ ಬರ‍್ಸಿದ್ ಕಾಗ್ದನ ನಾಕು ಜನರ ಮುಂದೆ ಓದಿ ನಗಾಡಿದ್ರು. ಪೀಠಕ್ಕೆ ಬಂದ ದಿನ್ವೇ ಅದ್ನ ನಿಲ್ಲುಸ್ದೆ. ಯಾರ‍್ದೋ ಮನೆ ಕಾಗ್ದ ನಂಗ್ಯಾಕೆ?"

ಪುಟ್ಟಬಸಪ್ಪನವರನ್ನು ಕರೆಸಿದರು. ಅವರು ಹಿಂದಿನ ಗುರುಗಳ ಕಾಲದಿಂದಲೂ ಅಡುಗೆಮನೆಯಲ್ಲಿದ್ದವರು, ಓದು ಬರಹ ಬಾರದವರು. ಈಳಿಗೆಮಣೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಳ್ಳುತ್ತಾ ಬಂದರು. "ನಂಗ್ಯಾರೂ ಯೋಳ್ಲಿಲ್ಲ ಬುದ್ಧಿ. ದೊಡ್ಡೋರು ಕುಯ್ದು ಮಡಗು ಅಂದಿದ್ರು, ಕುಯ್ದು ಮಡಗ್ತಾ ಬಂದೆ. ಇವ್ರು ಓದ್ತಾರೆ ಅಂತ್ಲೇ ಅನ್ಕಂಡಿದ್ದೆ." ಹಿರಿಯ ಬುದ್ಧಿಯವರು ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದರು. ಕಾಗದಗಳು ಕುಯ್ದು ಬರುವುದನ್ನು ಅವರು ನೋಡಿದ್ದರಂತೆ. ಬಿಚ್ಚಲು ಸುಲಭವಾಗಲೆಂದು ಪುಟ್ಟಬಸಪ್ಪ ಕುಯ್ಯುತ್ತಾರೆ, ಹೋಗುವವನ್ನು ಅಂಚೆಗೆ ಹಾಕುವವರೆಗೆ ಅಲ್ಲಿಡುತ್ತಾರೆ ಎಂದುಕೊಂಡಿದ್ದರಂತೆ.

ನಿಮ್ಮ ಪತ್ರಗಳನ್ನು ಯಾರೂ ಓದಿರಲಿಲ್ಲ ನಾಗಶ್ರೀ. ನನ್ನವನ್ನೂ ಓದಿರಲಿಲ್ಲ. ಒಂಬತ್ತು ತಿಂಗಳು ನಾವಿಬ್ಬರೂ ಯಾರೂ ಇಲ್ಲದ ಗುಡ್ಲಿಗೆ ಹೆದರಿಕೊಂಡು ದೂರದಿಂದಲೇ ಸುತ್ತು ಹಾಕಿದೆವು. ನವೆಂಬರಿನಲ್ಲಿ ಅವರು ನನ್ನ ಮುಖ ನೋಡಿದ್ದು ಮುಖದಲ್ಲಿದ್ದುದನ್ನು ನೋಡಿಯೇ. ನಾನೊಂದು ಸಲ ಅವರನ್ನು ಕೇಳಬಹುದಿತ್ತು. ಗೋಡೆಯ ಮೇಲೆ ಬರೆದವನೇ ನಾನು.

ಹಿರಿಯ ಬುದ್ಧಿಯವರು ಆಮೇಲೆ ಇಷ್ಟು ಮಾತ್ರ ಕೇಳಿದರು: "ಯಾರಾರ ನಿಂಗೆ ಏನಾರ ಬರೀಬೇಕಾಗಿತ್ತೇನಪ್ಪ?" ಇಲ್ಲ ಎಂದೆ. ಪೀಠಕ್ಕೆ ಬಂದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು.

ನಿಮ್ಮ ಒಂದು ಮಾತು ಬಂದಿದ್ದರೆ ಬಸ್ಸು ಹತ್ತಿಬಿಡುತ್ತಿದ್ದೆ ಎಂದು ಈಗ ಹೇಳುವ ಹಕ್ಕು ನನಗಿಲ್ಲ. ಹೇಳಿಯೂ ಆಯಿತು. ಅಣ್ಣನೂ ಹೋದ, ನಾನೂ ಹೋದರೆ ಈ ಮಠಕ್ಕೆ ದೀಪ ಹಚ್ಚುವವರಿಲ್ಲ. ಇರುತ್ತೇನೆ. ನಿಮ್ಮ ಮದುವೆ ಯಾವಾಗ ಎಂಬುದನ್ನಾದರೂ ತಿಳಿಸಿ. ಇದನ್ನು ನಾನೇ ಅಂಟಿಸಿ, ನಾನೇ ಕೌದಳ್ಳಿಗೆ ಹೋಗಿ ಹಾಕುತ್ತಿದ್ದೇನೆ.

ಹಳೆಯ ಹೆಸರಿನಲ್ಲಿ, ಕೊನೆಯ ಸಲ,
ಚನ್ನಬಸವ


[ಪೋಸ್ಟ್ ಕಾರ್ಡು]
ಕೊಳ್ಳೇಗಾಲ
17 ಮಾರ್ಚ್ 2025

ಪೂಜ್ಯ ಬುದ್ಧಿಯವರಿಗೆ ಶರಣು.

ಇದನ್ನು ಕಾರ್ಡಿನಲ್ಲೇ ಬರೆದಿದ್ದೇನೆ. ಪೋಸ್ಟ್‌ಮ್ಯಾನ್ ಓದಲಿ, ಹಾಲಿನ ಟೆಂಪೊದವನು ಓದಲಿ, ಪುಟ್ಟಬಸಪ್ಪನವರು ಯಾರಿಂದಲಾದರೂ ಓದಿಸಿಕೊಳ್ಳಲಿ. ಅವರ ಮೇಲೆ ಸಿಟ್ಟು ಮಾಡಬೇಡಿ.

ಶೃತಿ ಪಾಸಾದಳು. ರಟ್ಟುಗಳನ್ನೆಲ್ಲ ತೆಗೆಸಿಹಾಕಿದ್ದೇನೆ. ಕುರ್ಚಿಗೆ ಹೊಸಬರು ಬಂದಿದ್ದಾರೆ. ಪುಸ್ತಕ ಪೇರಿಸಿದ್ದು ಬೇರೆ ಯಾರೂ ಅಲ್ಲಿ ಕೂರದಿರಲಿ ಎಂದು. ಮೊನ್ನೆ ನಾನೇ ಇಳಿಸಿದೆ.

ಮದುವೆ ಯಾವಾಗ ಎಂದು ಕೇಳಿದ್ದಿರಿ. ಬ್ಯಾಂಕಿನವರಿಗೆ ನಾನು ದಸರೆಗೆ ಮುಂಚೆಯೇ ಬೇಡ ಎಂದಿದ್ದೆ. ನೀವು ಬೇಡ ಅನ್ನುತ್ತೀರೇನೋ ನೋಡೋಣ ಎಂದು ಆ ಸುದ್ದಿ ಬರೆದಿದ್ದೆ. ನೀವು ಹರಸಿದಿರಿ.

ಒಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದೆ.

ನಾಗಶ್ರೀ